ಕಡಲಾಳವನ್ನು ದಡಕ್ಕೆ ತರುವ ಮೆಸ್ಸಿನಾ

ಇಟಲಿಯನ್ನು ಭೂಪಟದಲ್ಲಿ ಗುರುತಿಸುವುದು ಮಕ್ಕಳಿಗೂ ಸುಲಭ. ಉದ್ದನೆಯ ಬೂಟಿನ ಆಕಾರದ ದೇಶ. ಬೂಟಿನ ಮೂತಿಯ ಮುಂದೆ ಒದ್ದ ಚೆಂಡಿನಂತೆ ಸಿಸಿಲಿ ದ್ವೀಪ. ಬೂಟಿಗೂ ಚೆಂಡಿಗೂ ನಡುವೆ ಒಂದು ಸಣ್ಣ ಸಂದು ಕಾಣುತ್ತದೆ. ಶಾಲೆಯ ಭೂಪಟದಲ್ಲಿ ಅದರ ಹೆಸರು ಬರೆಯಲೂ ಜಾಗ ಸಾಲದು. ಅದೇ ಮೆಸ್ಸಿನಾ ಜಲಸಂಧಿ. ತೀರ ಕಿರಿದಾದ ಕಡೆ ಅದರ ಅಗಲ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಇಷ್ಟು ಚಿಕ್ಕ ಸಂದಿಯಲ್ಲಿ ಎರಡು ಸಾವಿರ ವರ್ಷಗಳ ಒಂದು ಒಗಟು ಬಿಡಿಸಿಕೊಂಡಿತು ಎಂದರೆ ನಂಬುವುದು ಕಷ್ಟ.

ರೋಮ್ ನಗರದಿಂದ ದಕ್ಷಿಣಕ್ಕೆ ಹೊರಟ ರೈಲು ವಿಲ್ಲಾ ಸಾನ್ ಜೊವಾನ್ನಿ ನಿಲ್ದಾಣಕ್ಕೆ ಬಂದರೆ ನೆಲ ಮುಗಿದ ಹಾಗೆ. ಆದರೆ ಪ್ರಯಾಣಿಕರು ಗಂಟುಮೂಟೆ ಹೊತ್ತು ಇಳಿಯಬೇಕಿಲ್ಲ. ಬೋಗಿಗಳನ್ನು ಬೇರ್ಪಡಿಸಿ, ಒಳಗೆ ಹಳಿ ಹಾಸಿರುವ ಹಡಗಿನ ಹೊಟ್ಟೆಗೆ ತಳ್ಳುತ್ತಾರೆ. ರೈಲು ಹಡಗೇರಿ ಕಡಲು ದಾಟುತ್ತದೆ! ಹಡಗು ಸಾಗುವ ಸುಮಾರು ಅರ್ಧ ಗಂಟೆ ಜನ ಮೇಲಟ್ಟಕ್ಕೆ ಹೋಗಿ ಕಾಫಿ ಕುಡಿಯುತ್ತಾರೆ. ಆಗ ನೀರಿನತ್ತ ಕಣ್ಣು ಹಾಯಿಸಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಗಾಳಿಯೇ ಇಲ್ಲದ ದಿನವೂ ಅಲ್ಲಲ್ಲಿ ನೀರು ಕುದಿಯುವಂತೆ ಉಕ್ಕುತ್ತಿರುತ್ತದೆ. ಪಕ್ಕದಲ್ಲೇ ಎಣ್ಣೆ ಚೆಲ್ಲಿದಂತೆ ನುಣುಪಾದ ಪಟ್ಟಿ. ಅದರಾಚೆ ಒಂದು ದೊಡ್ಡ ಸುಳಿ ನಿಧಾನವಾಗಿ ತಿರುಗುತ್ತಿರುತ್ತದೆ.

ಗ್ರೀಕ್ ಕವಿ ಹೋಮರನಿಗೂ ಈ ನೀರಿನ ಸುದ್ದಿ ಮುಟ್ಟಿತ್ತು ಎಂದು ಪುರಾತನರು ನಂಬಿದ್ದರು. ಅವನ ಕಾವ್ಯದ ಎರಡು ರಾಕ್ಷಸಿಯರು ಇಲ್ಲಿಯವರೇ ಎಂಬುದು ಪ್ರತೀತಿ. ಒಂದು ದಡದ ಬಂಡೆಯ ಮೇಲೆ ಆರು ತಲೆಯ ಸ್ಕಿಲ್ಲಾ. ಎದುರು ದಡದಲ್ಲಿ ದಿನಕ್ಕೆ ಮೂರು ಸಲ ಕಡಲನ್ನೇ ಹೀರಿ ಉಗುಳುವ ಕರಿಬ್ಡಿಸ್. ಸ್ಕಿಲ್ಲಾಳ ಬಂಡೆಯ ಬುಡದಲ್ಲಿ ಇಂದು ಶಿಲ್ಲಾ ಎಂಬ ಪುಟ್ಟ ಊರಿದೆ. ಬೆಸ್ತರ ಮನೆಗಳು ನೀರಿಗೇ ಅಂಟಿಕೊಂಡಂತೆ ನಿಂತಿವೆ. ರಾಕ್ಷಸಿಯ ಬಾಯಿಯಿಂದ ತಪ್ಪಿಸಿಕೊಳ್ಳುವ ಬದಲು ಪ್ರವಾಸಿಗಳು ಈಗ ಅಲ್ಲಿ ಕತ್ತಿಮೀನಿನ ಊಟಕ್ಕೆ ಸಾಲುಗಟ್ಟುತ್ತಾರೆ.

ಕರಿಬ್ಡಿಸ್‌ಳ ಗುಟ್ಟೇನು? ಜಲಸಂಧಿಯ ಉತ್ತರಕ್ಕೆ ಟಿರೇನಿಯನ್ ಸಮುದ್ರ, ದಕ್ಷಿಣಕ್ಕೆ ಅಯೋನಿಯನ್ ಸಮುದ್ರ. ಮೆಡಿಟರೇನಿಯನ್ನಿನಲ್ಲಿ ಉಬ್ಬರವಿಳಿತ ತೀರ ಕಡಿಮೆ. ನಮ್ಮ ಕಾರವಾರ ಮಂಗಳೂರುಗಳಲ್ಲಿ ಕಾಣುವಷ್ಟೂ ಇಲ್ಲ. ಆದರೆ ಇಲ್ಲಿ ಒಂದು ಕಡೆ ಉಬ್ಬರವಿದ್ದಾಗ ಇನ್ನೊಂದು ಕಡೆ ಇಳಿತ. ಎರಡು ಸಮುದ್ರಗಳ ಮಟ್ಟದ ವ್ಯತ್ಯಾಸ ಹೆಚ್ಚೆಂದರೆ ಒಂದು ಗೇಣು. ಆ ಒಂದು ಗೇಣು ಸಾಕು. ಕಿರಿದಾದ ಬಾಗಿಲಿನಲ್ಲಿ ನೀರು ಹೊಳೆಯಂತೆ ನುಗ್ಗುತ್ತದೆ. ಸುಮಾರು ಆರು ಗಂಟೆ ದಕ್ಷಿಣಕ್ಕೆ, ಮತ್ತೆ ಆರು ಗಂಟೆ ಉತ್ತರಕ್ಕೆ. ಬೆಸ್ತರು ದಕ್ಷಿಣಕ್ಕೆ ಹರಿಯುವುದನ್ನು ‘ಇಳಿಯುವ ಹರಿವು’ ಎಂದೂ, ಉತ್ತರಕ್ಕೆ ಹರಿಯುವುದನ್ನು ‘ಏರುವ ಹರಿವು’ ಎಂದೂ ತಮ್ಮ ಮಾತಿನಲ್ಲಿ ಕರೆಯುತ್ತಾರೆ. ಇದನ್ನು ಲೆಕ್ಕ ಹಾಕದೆ ಅಲ್ಲಿ ಯಾರೂ ದೋಣಿ ಬಿಡುವುದಿಲ್ಲ. ದಿನಕ್ಕೆ ಮೂರು ಸಲ ಎಂದ ಹೋಮರನ ಎಣಿಕೆ ಒಂದರಷ್ಟು ತಪ್ಪಿದರೂ ವಿಷಯ ಸುಳ್ಳಲ್ಲ.

ಇಷ್ಟೇ ಆಗಿದ್ದರೆ ಅದೊಂದು ವೇಗದ ಹರಿವು ಎಂದು ಸುಮ್ಮನಾಗಬಹುದಿತ್ತು. ನೀರಿನ ಕೆಳಗೆ ಇನ್ನೊಂದು ಸಂಗತಿಯಿದೆ. ಜಲಸಂಧಿಯ ಅತಿ ಕಿರಿದಾದ ಜಾಗದಲ್ಲಿ ಕಡಲ ತಳ ಒಂದು ಹೊಸ್ತಿಲಿನಂತೆ ಮೇಲೆದ್ದಿದೆ. ಅಲ್ಲಿನ ಆಳ ಎಂಬತ್ತು ಮೀಟರಿನ ಆಸುಪಾಸು ಮಾತ್ರ. ಆ ಹೊಸ್ತಿಲಿನಿಂದ ದಕ್ಷಿಣಕ್ಕೆ ತಳ ಕಡಿದಾಗಿ ಜಾರಿ, ಸಾವಿರ ಮೀಟರಿಗೂ ಕೆಳಕ್ಕೆ ಇಳಿಯುತ್ತದೆ. ಏರುವ ಹರಿವು ಶುರುವಾದಾಗ ಅಯೋನಿಯನ್ನಿನ ತಣ್ಣನೆಯ, ಹೆಚ್ಚು ಉಪ್ಪಿನ ಆಳದ ನೀರು ಈ ಇಳಿಜಾರನ್ನು ಹತ್ತಿ ಹೊಸ್ತಿಲು ದಾಟಬೇಕು. ದಾಟುವಾಗ ಬರಿಗೈಯಲ್ಲಿ ಬರುವುದಿಲ್ಲ. ಕತ್ತಲ ಲೋಕದ ಜೀವಿಗಳನ್ನೂ ಜೊತೆಗೆ ಎತ್ತಿಕೊಂಡು ಬರುತ್ತದೆ.

ಮೆಸ್ಸಿನಾ ನಗರದಿಂದ ಉತ್ತರಕ್ಕೆ ದಡದ ರಸ್ತೆ ಹಿಡಿದು ಹೋದರೆ ಗಾಂಜಿರ್ರಿ ಎಂಬ ಊರು, ಅದನ್ನು ದಾಟಿದರೆ ದ್ವೀಪದ ಮೂಲೆಯಲ್ಲಿ ಟೊರ್ರೆ ಫಾರೊ. ಚಿಪ್ಪುಜೀವಿಗಳನ್ನು ಸಾಕುವ ಎರಡು ಉಪ್ಪುನೀರಿನ ಕೆರೆಗಳು, ಬಣ್ಣದ ದೋಣಿಗಳು, ಕಲ್ಲುಹರಳಿನ ಕಿರಿದಾದ ದಂಡೆ. ಇನ್ನೂರು ಮೀಟರಿಗೂ ಎತ್ತರದ ಒಂದು ಉಕ್ಕಿನ ಗೋಪುರ ಇಲ್ಲಿ ನಿಂತಿದೆ. ಎದುರು ದಡದಲ್ಲಿ ಅದರ ಜೋಡಿ. 1950ರ ದಶಕದಲ್ಲಿ ಜಲಸಂಧಿಯ ಮೇಲೆ ವಿದ್ಯುತ್ ತಂತಿ ಎಳೆಯಲು ಕಟ್ಟಿದ್ದವು. 1990ರ ದಶಕದಲ್ಲಿ ತಂತಿ ತೆಗೆದರೂ ಗೋಪುರಗಳು ಉಳಿದಿವೆ. ಚಳಿಗಾಲ ಕಳೆದು ವಸಂತ ಕಾಲಿಡುವ ಹೊತ್ತಿನಲ್ಲಿ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನಲ್ಲಿ, ಆಗ್ನೇಯದ ಗಾಳಿ ಬೀಸಿದ ರಾತ್ರಿಯ ಮರುದಿನ ಬೆಳಗಿನ ಜಾವ ಈ ದಂಡೆಗೆ ಬರಬೇಕು. ಹರಳುಗಳ ನಡುವೆ ಬೆಳ್ಳಿಯ ತಗಡನ್ನು ಕೊಡಲಿಯ ಆಕಾರಕ್ಕೆ ಕತ್ತರಿಸಿದಂಥ ಬೆರಳುದ್ದದ ಮೀನು ಬಿದ್ದಿರುತ್ತದೆ. ಬಾಯಿ ಮುಚ್ಚಲಾರದಷ್ಟು ಉದ್ದನೆಯ ಕೋರೆಹಲ್ಲಿನ ಕಪ್ಪು ಮೀನು, ಪಕ್ಕೆಯುದ್ದಕ್ಕೂ ದೀಪದ ಸಾಲು ಪೋಣಿಸಿದ ಮೀನು. ಬೇರೆ ಕಡೆ ಇವನ್ನು ನೋಡಬೇಕೆಂದರೆ ನೂರಾರು ಮೀಟರ್ ಬಲೆ ಇಳಿಸಬಲ್ಲ ಹಡಗು ಬೇಕು. ಇಲ್ಲಿ ಒಂದು ಜೊತೆ ಚಪ್ಪಲಿ ಸಾಕು.

ಈ ಬೆಳ್ಳಿಯ ಕೊಡಲಿಮೀನಿಗೆ 1829ರಲ್ಲಿ ಶಾಸ್ತ್ರೀಯ ಹೆಸರು ಕೊಟ್ಟವನು ಇದೇ ಊರಿನ ಅನಾಸ್ತಾಸಿಯೊ ಕೊಕ್ಕೊ. ಸುದ್ದಿ ಉತ್ತರ ಯೂರೋಪಿಗೆ ಹರಡಿತು. ಜರ್ಮನಿಯ ಪ್ರೊಫೆಸರುಗಳು ಒಬ್ಬರ ಹಿಂದೆ ಒಬ್ಬರು ಸೂಕ್ಷ್ಮದರ್ಶಕ ಕಟ್ಟಿಕೊಂಡು ಮೆಸ್ಸಿನಾಕ್ಕೆ ಬರತೊಡಗಿದರು. ಕಲ್ಲಿಕರ್, ಗೇಗೆನ್‌ಬೌರ್, 1859ರಲ್ಲಿ ತರುಣ ಹೆಕೆಲ್. ಆ ಕಾಲದ ಪ್ರಾಣಿಶಾಸ್ತ್ರಜ್ಞರಿಗೆ ಮೆಸ್ಸಿನಾ ಒಂದು ಕಾಶಿಯಾಗಿತ್ತು ಎಂದರೆ ತಪ್ಪಾಗಲಾರದು.

ಅವರ ಬಕೆಟ್ಟುಗಳಿಗೆ ಆಗಾಗ ಬೀಳುತ್ತಿದ್ದ ಒಂದು ಜೀವಿ ಮಾತ್ರ ಯಾರ ತಲೆಗೂ ಹೊಳೆಯದೆ ಉಳಿದಿತ್ತು. ಗಾಜಿನ ಪಟ್ಟಿಯಂಥ ಚಪ್ಪಟೆ ಮೈ. ಪುಸ್ತಕದ ಮೇಲಿಟ್ಟರೆ ಕೆಳಗಿನ ಅಕ್ಷರ ಓದಬಹುದು. ರಕ್ತದಲ್ಲಿ ಕೆಂಪಿಲ್ಲ. ದೇಹಕ್ಕೆ ಹೋಲಿಸಿದರೆ ಸಾಸಿವೆಯಷ್ಟು ತಲೆ, ಅದರಲ್ಲಿ ಎರಡು ಕಪ್ಪು ಕಣ್ಣು, ಮುಂದಕ್ಕೆ ಚಾಚಿದ ಸೂಜಿಯಂಥ ಹಲ್ಲುಗಳು. ಹದಿನೆಂಟನೆಯ ಶತಮಾನದಲ್ಲಿ ವೇಲ್ಸ್‌ನ ಹೋಲಿಹೆಡ್ ಬಳಿ ವಿಲಿಯಂ ಮಾರಿಸ್ ಎಂಬಾತನಿಗೆ ಇಂಥದೊಂದು ಸಿಕ್ಕಿತ್ತು. ಅದಕ್ಕೆ ಲೆಪ್ಟೊಸೆಫಾಲಸ್, ಅಂದರೆ ‘ಸಣ್ಣ ತಲೆಯದು’ ಎಂದು ಹೆಸರಾಯಿತು. ಆಮೇಲೆ ಸಿಕ್ಕಿದ ಪ್ರತಿಯೊಂದು ನಮೂನೆಗೂ ಹೊಸ ಹೆಸರು. ಮೆಸ್ಸಿನಾಕ್ಕೆ ಬಂದು ಹೋದ ದೊಡ್ಡವರ ಗೌರವಾರ್ಥ ಲೆಪ್ಟೊಸೆಫಾಲಸ್ ಹೆಕೆಲಿ, ಲೆಪ್ಟೊಸೆಫಾಲಸ್ ಗೇಗೆನ್‌ಬೌರಿ, ಲೆಪ್ಟೊಸೆಫಾಲಸ್ ಕಲ್ಲಿಕೆರಿ. ಎಷ್ಟು ಹುಡುಕಿದರೂ ಇವುಗಳಲ್ಲಿ ಒಂದಕ್ಕೂ ಮೊಟ್ಟೆಯಿಲ್ಲ, ಮರಿಯಿಲ್ಲ. ಮೊಟ್ಟೆಯಿಡದೆ ಇವುಗಳ ಸಂತತಿ ನಡೆಯುವುದಾದರೂ ಹೇಗೆ?

ವಿದ್ಯಾರ್ಥಿಗಳು ಒಮ್ಮೆ ಹೀಗೆ ಊಹಿಸಿಕೊಳ್ಳಲಿ. ಕಪ್ಪೆಯನ್ನೇ ಕಾಣದ ಒಬ್ಬ ಪಂಡಿತನಿಗೆ ಕೆರೆಯಿಂದ ಬರೀ ಗೊದಮೊಟ್ಟೆಗಳನ್ನು ತಂದುಕೊಟ್ಟರೆ ಏನಾಗುತ್ತದೆ? ಅವನು ಅವುಗಳನ್ನು ಒಂದು ಬಗೆಯ ಮೀನು ಎಂದು ಬರೆದಿಡುತ್ತಾನೆ. ಬಾಲ ಉದ್ದದ್ದು ಒಂದು ಜಾತಿ, ಗಿಡ್ಡದ್ದು ಇನ್ನೊಂದು ಜಾತಿ. ಆದದ್ದೂ ಹೀಗೆಯೇ.

ಇನ್ನು ಕಾಂಗರ್ ಹಾವುಮೀನಿನ ವಿಷಯಕ್ಕೆ ಬರಬೇಕು. ಹಾವುಮೀನು ಎಂದರೆ ಹಾವಲ್ಲ. ಕಿವಿರಿನಿಂದ ಉಸಿರಾಡುವ, ಈಜುರೆಕ್ಕೆಯುಳ್ಳ ಅಪ್ಪಟ ಮೀನು. ಕಾಂಗರ್ ಪೂರ್ತಿ ಕಡಲಿನದೇ. ಮೈಮೇಲೆ ಹುರುಪೆಯಿಲ್ಲ, ಬೂದು ಬಣ್ಣ, ತೊಡೆಗಾತ್ರ. ಯೂರೋಪಿನ ದೊಡ್ಡ ಕಾಂಗರ್ ಎರಡು ಮೀಟರ್ ಮೀರಿ ಬೆಳೆಯಬಲ್ಲದು. ಬಂಡೆಯ ಬಿರುಕು, ಮುಳುಗಿದ ಹಡಗಿನ ಒಡಲು ಅದರ ಮನೆ, ಬೇಟೆಯೆಲ್ಲ ರಾತ್ರಿ. ದಡದ ಬಳಿಯಿಂದ ಸಾವಿರ ಮೀಟರ್ ಆಳದವರೆಗೂ ಅದು ಸಿಗುತ್ತದೆ. ಅದರ ಹತ್ತಿರದ ಸಂಬಂಧಿ ನ್ಯಾಥೋಫಿಸ್ ಮಿಸ್ಟಾಕ್ಸ್ ಮಾತ್ರ ದಡಕ್ಕೆ ಮುಖ ತೋರಿಸುವುದೇ ಇಲ್ಲ. ಎಂಬತ್ತರಿಂದ ಎಂಟುನೂರು ಮೀಟರ್ ಕೆಳಗಿನ ಕೆಸರು ತಳದಲ್ಲಿ ಅದರ ಬಾಳುವೆ. ಮಿಸ್ಟಾಕ್ಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಮೀಸೆ. ಉದ್ದ ಅರ್ಧ ಮೀಟರಿನಷ್ಟಾದರೆ ಹೆಚ್ಚು.

ಕಾಂಗರಿನ ಬದುಕಿನ ಕೊನೆಯಂತೂ ಕೇಳಿದರೆ ಮನಸ್ಸು ಮುದುಡುತ್ತದೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಕನ್ನಿಂಗ್ಹ್ಯಾಮ್ ಎಂಬ ವಿಜ್ಞಾನಿ ಕಾಂಗರುಗಳನ್ನು ತೊಟ್ಟಿಯಲ್ಲಿ ಸಾಕಿ 1891ರಲ್ಲಿ ವಿವರ ಪ್ರಕಟಿಸಿದ. ಹಲವು ವರ್ಷ ಹೊಟ್ಟೆಬಾಕನಂತೆ ತಿಂದು ಬೆಳೆದ ಹೆಣ್ಣು ಒಂದು ದಿನ ಆಹಾರ ಮುಟ್ಟುವುದನ್ನೇ ನಿಲ್ಲಿಸುತ್ತದೆ. ಹಲ್ಲು ಉದುರುತ್ತದೆ. ಮೂಳೆಯೊಳಗಿನ ಸುಣ್ಣ ಕರಗಿ ಮೆತ್ತಗಾಗುತ್ತದೆ. ಇಡೀ ಒಡಲು ಮೊಟ್ಟೆಗಳಿಂದ ತುಂಬುತ್ತದೆ, ಲಕ್ಷಗಟ್ಟಲೆ ಮೊಟ್ಟೆಗಳು. ಕಡಲಿನಲ್ಲಿದ್ದಿದ್ದರೆ ಆಳಕ್ಕಿಳಿದು, ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತಿತ್ತು. ತೊಟ್ಟಿಯಲ್ಲಿದ್ದದ್ದು ಮೊಟ್ಟೆಯಿಡದೆಯೇ ಸಾಯುತ್ತದೆ. ಕಡಲಾಳದ ಆ ಕೊನೆಯ ಪ್ರಯಾಣವನ್ನು ಕಣ್ಣಾರೆ ಕಂಡವರಿಲ್ಲ. ಹಾಗಾದರೆ ಮರಿಗಳನ್ನು ಎಲ್ಲಿ ಹುಡುಕುವುದು?

ಗಾಜಿನ ಪಟ್ಟಿಗಳೇ ಆ ಮರಿಗಳಿರಬಹುದೆ ಎಂದು 1864ರಲ್ಲಿ ಅಮೆರಿಕದ ಥಿಯೊಡೋರ್ ಗಿಲ್ ಊಹಿಸಿದ್ದ. ಆದರೆ ಬ್ರಿಟಿಷ್ ಮ್ಯೂಸಿಯಮ್ಮಿನ ಗುಂಥರ್ ಒಪ್ಪಲಿಲ್ಲ. ಮೀನುಗಳ ವಿಷಯದಲ್ಲಿ ಆಗ ಅವನ ಮಾತೇ ವೇದವಾಕ್ಯ. ದಡದಿಂದ ದೂರ ತೇಲಿಹೋಗಿ ಬೆಳವಣಿಗೆ ಕುಂಠಿತವಾದ ಮರಿಗಳಿವು, ಎಂದೂ ದೊಡ್ಡವಾಗಲಾರವು ಎಂಬುದು ಅವನ ತೀರ್ಪು. 1886ರಲ್ಲಿ ಫ್ರಾನ್ಸಿನ ರೋಸ್ಕೋಫ್‌ನಲ್ಲಿ ಈವ್ ದಲಾಜ್ ಹೋಲಿಹೆಡ್‌ನಲ್ಲಿ ಸಿಕ್ಕಿದಂಥದೇ ಒಂದು ಲೆಪ್ಟೊಸೆಫಾಲಸನ್ನು ತಿಂಗಳುಗಟ್ಟಲೆ ತೊಟ್ಟಿಯಲ್ಲಿಟ್ಟು ಕಾದ. ಚಪ್ಪಟೆ ಮೈ ದುಂಡಾಯಿತು, ಪಾರದರ್ಶಕತೆ ಹೋಯಿತು, ಕೊನೆಗೆ ಅದು ಪುಟ್ಟ ಕಾಂಗರಾಯಿತು! ಆದರೆ ಒಂದೇ ಒಂದು ಜೀವಿ. ಒಂದು ತೊಟ್ಟಿಯಲ್ಲಿ ಒಂದು ಸಲ ನಡೆದದ್ದು ಕಡಲಿನಲ್ಲೂ ನಡೆಯುವ ನಿಯಮವೆಂದು ಹೇಳಲು ಬರುವುದಿಲ್ಲವಲ್ಲ. ಸಂದೇಹ ಪಡುವವರಿಗೆ ಬಾಗಿಲು ತೆರೆದೇ ಇತ್ತು.

ಆ ಬಾಗಿಲು ಮುಚ್ಚಲು ನೂರಾರು ಮರಿಗಳು ಬೇಕಾಗಿದ್ದವು. ಹುಟ್ಟಿನಿಂದ ರೂಪಾಂತರದವರೆಗಿನ ಪ್ರತಿ ಹಂತದವೂ ಬೇಕಾಗಿದ್ದವು. ಅವು ಸಿಗುವ ಜಾಗ ಒಂದೇ. ಮೆಸ್ಸಿನಾದಿಂದ ದಕ್ಷಿಣಕ್ಕಿರುವ ಕತಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರಾಗಿದ್ದ ಜೊವಾನ್ನಿ ಬಾತ್ತಿಸ್ತಾ ಗ್ರಾಸ್ಸಿ ಮತ್ತು ಸಹಾಯಕ ಸಾಲ್ವತೋರೆ ಕಲಂದ್ರುಚ್ಚೊ ವರ್ಷಗಟ್ಟಲೆ ಈ ಜಲಸಂಧಿಯ ಬೆನ್ನು ಹತ್ತಿದರು. ದಂಡೆಯಲ್ಲಿ ಸಿಕ್ಕಿದ್ದು, ಬಲೆಗೆ ಬಿದ್ದದ್ದು, ಕೊನೆಗೆ ಮೋಲಾ ಎಂಬ ಬಿಲ್ಲೆಯಾಕಾರದ ದೈತ್ಯ ಮೀನಿನ ಕರುಳನ್ನು ಬಗೆದಾಗ ದೊರೆತದ್ದು, ಎಲ್ಲವೂ ಅವರಿಗೆ ಬೇಕಾಯಿತು. ಅವರ ಮುಖ್ಯ ಸಾಧನ ಎಣಿಕೆ. ಪಾರದರ್ಶಕ ಮೈಯಲ್ಲಿ ಬಾಚಣಿಗೆಯ ಹಲ್ಲಿನಂತೆ ಕಾಣುವ ಸ್ನಾಯುಖಂಡಗಳನ್ನು ಎಣಿಸಬಹುದು. ದೊಡ್ಡ ಮೀನಿನಲ್ಲಿ ಬೆನ್ನುಮೂಳೆಯ ಮಣಿಗಳನ್ನು ಎಣಿಸಬಹುದು. ಮೈ ಕುಗ್ಗಲಿ, ದುಂಡಾಗಲಿ, ಬಣ್ಣ ಬರಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಕಾಂಗರಿನಲ್ಲಿ ಅದು ನೂರೈವತ್ತಕ್ಕೂ ಮೇಲು. ಸಿಹಿನೀರಿನ ಹಾವುಮೀನಿನಲ್ಲಿ ನೂರಹದಿನೈದರ ಸುತ್ತಮುತ್ತ.

ಎಣಿಸಿದಾಗ ಹೊರಬಿದ್ದದ್ದು ತಮಾಷೆಯಾಗಿದೆ. ಹೆಕೆಲಿ, ಗೇಗೆನ್‌ಬೌರಿ, ಕಲ್ಲಿಕೆರಿ ಎಂಬ ಮೂರು ‘ಜಾತಿ’ಗಳೂ, ಅವುಗಳ ಜೊತೆಗೆ ಇನ್ನೆರಡು ಮೂರು ಹೆಸರಿನವೂ, ಬೇರೆ ಬೇರೆ ವಯಸ್ಸಿನ ಒಂದೇ ಮೀನಿನ ಮರಿಗಳು. ಯಾವ ಮೀನು? ಯಾರ ಕಣ್ಣಿಗೂ ಸುಲಭಕ್ಕೆ ಬೀಳದೆ ಆಳದ ಕೆಸರಿನಲ್ಲಿ ಬಾಳುವ ಅದೇ ಮೀಸೆ ಹೆಸರಿನ ಕಾಂಗರ್! ಮೂವರು ಮಹಾ ಪ್ರೊಫೆಸರುಗಳ ಹೆಸರು ಹೊತ್ತ ಮೂರು ಜಾತಿಗಳು ಒಂದೇ ತೊಟ್ಟಿಲಿಗೆ ಬಂದು ಸೇರಿದವು. ಗುಂಥರನ ತೀರ್ಪೂ ಬಿದ್ದುಹೋಯಿತು. ಅವು ಕುಂಠಿತ ಮರಿಗಳಲ್ಲ, ಪ್ರತಿ ಕಾಂಗರೂ ದಾಟಿ ಬರಲೇಬೇಕಾದ ಹಂತ ಎಂಬುದು ಖಚಿತವಾಯಿತು. ರೂಪಾಂತರದಲ್ಲಿ ಮರಿ ಬೆಳೆಯುವ ಬದಲು ಗಿಡ್ಡವಾಗುತ್ತದೆ ಎಂಬುದೂ ತಿಳಿಯಿತು. ಉದ್ದವಾದದ್ದೇ ವಯಸ್ಸಾದದ್ದು ಎಂದು ಲೆಕ್ಕ ಹಾಕಿದವರೆಲ್ಲ ಅಲ್ಲಿಯೇ ದಾರಿ ತಪ್ಪಿದ್ದರು.

ಕಾಂಗರುಗಳ ಲೆಕ್ಕ ಮುಗಿದ ಮೇಲೆ ಕೈಯಲ್ಲಿ ಒಂದು ಪಟ್ಟಿ ಉಳಿಯಿತು. ಮೂತಿ ಗಿಡ್ಡದಾದ ಲೆಪ್ಟೊಸೆಫಾಲಸ್ ಬ್ರೆವಿರೋಸ್ಟ್ರಿಸ್. 1856ರಲ್ಲಿ ಮೆಸ್ಸಿನಾದ ನಮೂನೆಗಳಿಂದಲೇ ಇದಕ್ಕೆ ಹೆಸರು ಬಿದ್ದಿತ್ತು. ಎಣಿಸಿದರೆ ಸುಮಾರು ನೂರಹದಿನೈದು. ಅಂದರೆ ಯೂರೋಪಿನ ಹೊಳೆ ಕೆರೆಗಳಲ್ಲೆಲ್ಲ ಸಿಗುವ, ದಿನವೂ ಜನ ತಿನ್ನುವ ಸಾಮಾನ್ಯ ಹಾವುಮೀನು! ಕೆಸರಿನಿಂದ ತಾನಾಗಿ ಹುಟ್ಟುತ್ತದೆ ಎಂದು ಅರಿಸ್ಟಾಟಲ್ ಬರೆದದ್ದು ಇದರ ಬಗ್ಗೆಯೇ. 1876ರಲ್ಲಿ ಟ್ರಿಯೆಸ್ಟ್ ನಗರದಲ್ಲಿ ಒಬ್ಬ ವಿದ್ಯಾರ್ಥಿ ಗಂಡು ಹಾವುಮೀನಿನ ವೃಷಣ ಹುಡುಕುತ್ತ ಸುಮಾರು ನಾನ್ನೂರು ಮೀನುಗಳನ್ನು ಕೊಯ್ದಿದ್ದ. ಮುಂದೆ ಮನಶ್ಶಾಸ್ತ್ರದಲ್ಲಿ ಹೆಸರಾದ ಸಿಗ್ಮಂಡ್ ಫ್ರಾಯ್ಡ್ ಅವನೇ. ಇಷ್ಟು ಜನರ ಕೈಗೆ ಸಿಗದ ಮರಿ ಮೆಸ್ಸಿನಾದ ನೀರಿನಲ್ಲಿ ಸಿಕ್ಕಿತು. ತೊಟ್ಟಿಯಲ್ಲಿಟ್ಟ ಒಂದು ಗಾಜಿನ ಪಟ್ಟಿ ಗ್ರಾಸ್ಸಿಯ ಕಣ್ಣೆದುರೇ ಎಳೆ ಹಾವುಮೀನಾಯಿತು. ಮೊಟ್ಟೆಯಿಡುವ ಜಾಗ ಇದೇ ಕಡಲು ಎಂದು ಗ್ರಾಸ್ಸಿ ಭಾವಿಸಿದ್ದು ಮಾತ್ರ ಮುಂದೆ ನಿಲ್ಲಲಿಲ್ಲ. ತೀರ ಚಿಕ್ಕ ಮರಿಗಳನ್ನು ಬೆನ್ನಟ್ಟಿದ ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್, 1920ರ ದಶಕದಲ್ಲಿ ಆ ಜಾಗವನ್ನು ಅಟ್ಲಾಂಟಿಕ್ಕಿನ ಆಚೆ, ಸರ್ಗಾಸೊ ಸಮುದ್ರದಲ್ಲಿ ತೋರಿಸಿಕೊಟ್ಟ. ಆ ಹಾವುಮೀನು ಇಂದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಲಂಡನ್ನಿನ ರಾಯಲ್ ಸೊಸೈಟಿ 1896ರಲ್ಲಿ ಗ್ರಾಸ್ಸಿಗೆ ಡಾರ್ವಿನ್ ಪದಕ ನೀಡಿತು. ಕಲಂದ್ರುಚ್ಚೊನ ಹೆಸರು ಪದಕದಲ್ಲಿಲ್ಲ. ಇಬ್ಬರ ನಡುವೆ ಮನಸ್ತಾಪವೂ ಬೆಳೆಯಿತು. ದಂಡೆಯಲ್ಲಿ ಬಗ್ಗಿ ಹೆಕ್ಕಿದವರಿಗೂ ಬರೆದವರಿಗೂ ಪಾಲು ಹಂಚುವುದು ವಿಜ್ಞಾನದಲ್ಲೂ ಸುಲಭವಿಲ್ಲ. ಗ್ರಾಸ್ಸಿಗೂ ಅದರ ಬಿಸಿ ತಟ್ಟಿತು. ಮನುಷ್ಯರಿಗೆ ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆ ಎಂದು 1898ರಲ್ಲಿ ತೋರಿಸಿದ ತಂಡದ ಮುಂದಾಳು ಅವನೇ. ಆದರೆ 1902ರ ನೊಬೆಲ್ ಬಹುಮಾನ ಬಂದದ್ದು ಒಬ್ಬ ರೊನಾಲ್ಡ್ ರಾಸ್‌ಗೆ. ರಾಸ್ ನಮಗೆ ಹೊರಗಿನವನಲ್ಲ. 1883ರಲ್ಲಿ ಬೆಂಗಳೂರು ದಂಡಿನಲ್ಲಿ ವೈದ್ಯನಾಗಿದ್ದಾಗಲೇ ಬಂಗಲೆಯ ನೀರಿನ ಪೀಪಾಯಿಯಲ್ಲಿ ಸೊಳ್ಳೆ ಬೆಳೆಯುವುದನ್ನು ಗಮನಿಸಿದ್ದ.

ಆಳದ ಕಾಂಗರುಗಳು ಮೆಡಿಟರೇನಿಯನ್ನಿಗೆ ಮಾತ್ರ ಮೀಸಲಲ್ಲ. ನಮ್ಮ ಅರಬ್ಬೀ ಸಮುದ್ರದ ತಳದಲ್ಲೂ ಇವೆ. 1881ರಲ್ಲಿ ಮುಂಬಯಿಯಲ್ಲಿ ಕಟ್ಟಿದ ‘ಇನ್ವೆಸ್ಟಿಗೇಟರ್’ ಎಂಬ ಸಮೀಕ್ಷೆಯ ಹಡಗಿನಲ್ಲಿ ವೈದ್ಯನೂ ಪ್ರಾಣಿಶಾಸ್ತ್ರಜ್ಞನೂ ಆಗಿದ್ದ ಆಲ್ಫ್ರೆಡ್ ಆಲ್ಕಾಕ್, 1890ರಲ್ಲಿ ಪ್ರೊಮಿಲಾಂಟರ್ ಪರ್ಪ್ಯೂರಿಯಸ್ ಎಂಬ ಕಾಂಗರನ್ನು ಅರಬ್ಬೀ ಸಮುದ್ರದಿಂದ ವಿವರಿಸಿದ. ಅದು ಸಿಕ್ಕಿದ್ದು ಸಾವಿರ ಮೀಟರಿಗೂ ಕೆಳಗೆ. ನಮ್ಮಲ್ಲಿ ಮೆಸ್ಸಿನಾದಂಥ ಹೊಸ್ತಿಲಿಲ್ಲ. ಹಗ್ಗ, ಬಲೆ, ಹಡಗು, ಗಂಟೆಗಟ್ಟಲೆ ಎಳೆತ ಎಲ್ಲವೂ ಬೇಕು. ಪಶ್ಚಿಮಘಟ್ಟದ ಹೊಳೆಗಳಲ್ಲಿ ಸಿಗುವ ಹಾವುಮೀನು ಕೂಡ ಮೊಟ್ಟೆಯಿಡಲು ಇಳಿಯುವುದು ಕಡಲಿಗೇ.

ಗ್ರಾಸ್ಸಿ ಕಂಡ ಮೆಸ್ಸಿನಾ ಈಗಿಲ್ಲ. 1908ರ ಡಿಸೆಂಬರ್ 28ರ ನಸುಕಿನಲ್ಲಿ ಭೂಮಿ ನಡುಗಿತು, ಹಿಂದೆಯೇ ಕಡಲು ಉಕ್ಕಿ ಬಂತು. ಎರಡೂ ದಡಗಳಲ್ಲಿ ಸತ್ತವರು ಹತ್ತಾರು ಸಾವಿರ. ಊರನ್ನು ಅಗಲವಾದ ಬೀದಿಗಳಿಟ್ಟು ಮತ್ತೆ ಕಟ್ಟಿದರು. ಜಲಸಂಧಿಗೆ ಅಡ್ಡಲಾಗಿ ತೂಗುಸೇತುವೆ ಕಟ್ಟುವ ಮಾತು ದಶಕಗಳಿಂದ ನಡೆದಿದೆ. 2025ರ ಆಗಸ್ಟಿನಲ್ಲಿ ಇಟಲಿ ಸರ್ಕಾರದ ಸಮಿತಿ ಅದಕ್ಕೆ ಒಪ್ಪಿಗೆ ನೀಡಿತು. ಅಕ್ಟೋಬರಿನಲ್ಲಿ ಅಲ್ಲಿನ ಲೆಕ್ಕಪತ್ರ ನ್ಯಾಯಾಲಯ ತಡೆ ಹಾಕಿತು. ಸೇತುವೆಯ ಒಂದು ಗೋಪುರಕ್ಕೆ ಗುರುತು ಮಾಡಿರುವ ಜಾಗ ಗಾಂಜಿರ್ರಿಗೂ ಟೊರ್ರೆ ಫಾರೊಗೂ ಹತ್ತಿರ.

ಭೂಕಂಪವಾದರೂ ನೀರು ತನ್ನ ವೇಳಾಪಟ್ಟಿ ಬದಲಿಸಲಿಲ್ಲ. ಇಂದಿಗೂ ಹುಣ್ಣಿಮೆಯ ಆಸುಪಾಸಿನ ಬೆಳಗಿನ ಜಾವ ಚೀಲ ಹಿಡಿದು ದಂಡೆಗೆ ಬರುವ ಆಸಕ್ತರಿದ್ದಾರೆ. ತಡಮಾಡುವಂತಿಲ್ಲ. ಕಡಲಹಕ್ಕಿಗಳಿಗೂ ಊರಿನ ಬೆಕ್ಕುಗಳಿಗೂ ಈ ಔತಣದ ಹೊತ್ತು ಚೆನ್ನಾಗಿ ಗೊತ್ತು. ಕೊಡಲಿಮೀನು, ಕೋರೆಹಲ್ಲಿನ ಮೀನು ಬಿಸಿಲೇರಿದ ಮೇಲೂ ಹೊಳೆಯುತ್ತವೆ, ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಕಾಂಗರಿನ ಮರಿ ಬೇಕೆಂದರೆ ಬೆಳಕು ಹರಿಯುವ ಮುನ್ನವೇ ಮಂಡಿಯೂರಿ ಹುಡುಕಬೇಕು. ನೀರಿನಿಂದ ಮಾಡಿದಂಥ ಆ ಮೈ ಬಿಸಿಲಿಗೆ ಬೇಗನೆ ಒಣಗಿ ಕಲ್ಲಿಗಂಟಿಕೊಳ್ಳುತ್ತದೆ. ಆಮೇಲೆ ಕಾಣುವುದು ಎರಡು ಕಪ್ಪು ಚುಕ್ಕಿಗಳು, ಅಷ್ಟೆ.